ಕುಜನ ಕೆಂಪು, ರಾಹುವಿನ ಮುಖ

ಭದ್ರಾವತಿಯ ನ್ಯೂ ಟೌನಿನವರಿಗೆ ಕೆಂಪು ಬಣ್ಣದ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಊರಿನ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಲು ಶುರುವಾದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ; ಅಲ್ಲಿನ ಮಣ್ಣಿನ ಕೆಂಪು ಕಬ್ಬಿಣದ್ದೇ. ಮಂಗಳ ಗ್ರಹ ಕೆಂಪಗಿರುವುದಕ್ಕೂ ಅದೇ ಕಾರಣ: ಅದರ ಮೈಮೇಲೆಲ್ಲ ತುಕ್ಕು ಹಿಡಿದ ಕಬ್ಬಿಣದ ದೂಳು. ನಮ್ಮ ಮಂಗಳಯಾನ ಅಲ್ಲಿಗೆ ತಲುಪಿದ್ದು 2014ರ ಸೆಪ್ಟೆಂಬರ್ 24ರಂದು. ಅದಕ್ಕೂ ಒಂದೂವರೆ ಶತಮಾನ ಮೊದಲೇ ಮೈಸೂರಿನ ಅರಮನೆಯ ಚಿತ್ರಗಾರರಿಗೆ ಮಂಗಳನ ಬಣ್ಣದ ಬಗ್ಗೆ ಅನುಮಾನವಿರಲಿಲ್ಲ. ಬರಿಗಣ್ಣಿಗೆ ಕಂಡದ್ದನ್ನು ಶಾಸ್ತ್ರ ಹೇಳಿತ್ತು, ಶಾಸ್ತ್ರ ಹೇಳಿದ್ದನ್ನು ಅವರು ಬರೆದರು.

ಆ ಚಿತ್ರಗಳ ಮನೆ ‘ಶ್ರೀತತ್ತ್ವನಿಧಿ’. ಮುಮ್ಮಡಿ ಕೃಷ್ಣರಾಜ ಒಡೆಯರು ಮಾಡಿಸಿದ ಈ ಸಚಿತ್ರ ಗ್ರಂಥದಲ್ಲಿ ಒಂಬತ್ತು ನಿಧಿಗಳು: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ. ಕೊನೆಯ ಕೌತುಕನಿಧಿಗೆ ಈಗ ಲೋಕಪ್ರಸಿದ್ಧಿ. ಅದರೊಳಗಿನ 122 ಯೋಗಾಸನಗಳ ಚಿತ್ರಗಳನ್ನು ನಾರ್ಮನ್ ಸ್ಯೋಮನ್ 1996ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಹೊರತಂದ ಮೇಲೆ ಯೋಗದವರೆಲ್ಲ ಮೈಸೂರಿನ ಕಡೆ ತಿರುಗಿ ನೋಡಿದರು. ಐದನೆಯದಾದ ಗ್ರಹನಿಧಿಗೆ ಅಂಥ ಅದೃಷ್ಟ ಬರಲಿಲ್ಲ. ಆಕಾಶದಲ್ಲಿ ಕಾಣುವುದಕ್ಕೂ ಕಾಣದಿರುವುದಕ್ಕೂ ರೂಪ ಕೊಟ್ಟ ಭಾಗ ಅದು.

ಶಿವಮೊಗ್ಗ ಸೀಮೆಗೂ ಈ ಗ್ರಂಥಕ್ಕೂ ಒಂದು ನಂಟಿದೆ, ಸ್ವಲ್ಪ ಕಹಿಯಾದ ನಂಟು. 1830ರಲ್ಲಿ ಇಲ್ಲಿನ ನಗರ ಪ್ರಾಂತ್ಯದ ರೈತರು ಕಂದಾಯದ ಕಾಟ ತಾಳಲಾರದೆ ತಿರುಗಿಬಿದ್ದರು. ಬೂದಿ ಬಸವಪ್ಪ ಎಂಬಾತ ತಾನೇ ನಗರದ ಅರಸನೆಂದು ಸಾರಿಕೊಂಡ. ಇದನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಮುಮ್ಮಡಿಯವರಿಗೆ ಅದು ಮರಳಿ ಸಿಗಲಿಲ್ಲ. ಉಳಿದದ್ದು ಬಿರುದು, ಪಿಂಚಣಿ, ಬೇಕಾದಷ್ಟು ಬಿಡುವು. ಭೂಮಿ ಕೈತಪ್ಪಿದ ಅರಸರು ಚಿತ್ರಗಾರರನ್ನು, ಪಂಡಿತರನ್ನು ಸುತ್ತ ಕೂರಿಸಿಕೊಂಡು ಆಕಾಶದ ಲೆಕ್ಕ ಬರೆಸಿದರು. ಮಲೆನಾಡಿನ ರೈತ ಸಿಟ್ಟಾಗದಿದ್ದರೆ ಈ ಪುಸ್ತಕ ಇಷ್ಟು ದಪ್ಪವಾಗುತ್ತಿತ್ತೇ ಎಂಬ ಗುಮಾನಿ ನನ್ನದು.

ಆ ಚಿತ್ರಗಾರರ ಮೈಸೂರು ಶೈಲಿಯ ಕಸುಬು ನಿಧಾನದ್ದು. ಹುಣಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ರೇಖೆ, ಅಳಿಲಿನ ಕೂದಲಿನ ಕುಂಚದಿಂದ ಬಣ್ಣ. ಕೆಂಪಿಗೆ ಇಂಗಳೀಕ ಅಥವಾ ಕಾವಿ. ಒಡವೆ, ಕಿರೀಟ, ಪ್ರಭಾವಳಿ ಉಬ್ಬಿ ಕಾಣಬೇಕಾದ ಕಡೆ ಸಫೇದ ಪುಡಿಯನ್ನೂ ರೇವಲ್ಚಿನ್ನಿಯನ್ನೂ ಅಂಟಿನಲ್ಲಿ ಅರೆದು ಎಳೆ ಎಳೆಯಾಗಿ ಇಟ್ಟು, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನಲ್ಲಿ ಈ ಉಬ್ಬು ದಪ್ಪ, ಮೈಸೂರಿನಲ್ಲಿ ತೆಳು.

ಗ್ರಹಗಳನ್ನು ಬರೆಯುವಾಗ ಧ್ಯಾನಶ್ಲೋಕವೇ ನಕ್ಷೆ. ಸೂರ್ಯನಿಗೆ ಏಳು ಕುದುರೆ, ಎರಡು ಕೈಯಲ್ಲಿ ತಾವರೆ. ಚಂದ್ರನಿಗೆ ಹತ್ತು ಬಿಳಿ ಕುದುರೆ. ಟಗರಿನ ಮೇಲೆ ಕುಜ, ಅಂದರೆ ಮಂಗಳ. ಗುರು ಹಳದಿ, ಶುಕ್ರ ಬಿಳಿ, ಶನಿ ಮಾತ್ರ ಕರಿನೀಲಿ. ಇದರಲ್ಲಿ ಶನಿಗೆ ಅನ್ಯಾಯವಾಗಿದೆ ಅನ್ನಬೇಕು. ದೂರದರ್ಶಕದಲ್ಲಿ ಅವನು ನಸುಹಳದಿ, ಉಂಗುರದ ಸಮೇತ ಎಲ್ಲರಿಗಿಂತ ಚೆಲುವ. ಇನ್ನೊಂದು ಕೊರತೆಯನ್ನೂ ಮುಚ್ಚಿಡಬಾರದು. ಮೈಸೂರು ಶೈಲಿಗೆ ಕಪ್ಪು ಹಿನ್ನೆಲೆಯ ರೂಢಿಯಿಲ್ಲ. ಹಾಗಾಗಿ ಇರುಳಿನ ಆಳ ಅಲ್ಲಿ ಸಿಗುವುದಿಲ್ಲ.

ಈ ಪರಂಪರೆಯ ನಿಜವಾದ ಸಾಹಸ ರಾಹು ಮತ್ತು ಕೇತು. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು ಐದು ಡಿಗ್ರಿ ವಾಲಿದೆ. ಎರಡೂ ಅಡ್ಡಹಾಯುವ ಎರಡು ಬಿಂದುಗಳೇ ರಾಹು, ಕೇತು. ಅಲ್ಲಿ ಕಲ್ಲಿಲ್ಲ, ಬೆಳಕಿಲ್ಲ, ಬರೀ ಗಣಿತ. ಗ್ರಹಣ ಆಗುವುದು ಸೂರ್ಯಚಂದ್ರರು ಆ ಬಿಂದುಗಳ ಹತ್ತಿರ ಬಂದಾಗ ಮಾತ್ರ. ಪಂಚಾಂಗದವರು ಛಾಯಾಗ್ರಹ ಎಂದು ಸುಮ್ಮನಾದರೆ, ಚಿತ್ರಗಾರ ಸುಮ್ಮನಾಗುವ ಹಾಗಿರಲಿಲ್ಲ. ಇಲ್ಲದ ವಸ್ತುವಿಗೆ ಅವನು ಕೋರೆಹಲ್ಲು ಇಟ್ಟ, ಸೊಂಟದ ಕೆಳಗೆ ದೇಹವಿಲ್ಲದಂತೆ ಮಾಡಿದ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು 2022ರ ಜುಲೈನಲ್ಲಿ ಬಂದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳನ್ನು ನೆನೆಯಬೇಕು. ಅದು ಹಿಡಿಯುವುದು ಬಹುಪಾಲು ಅವಕೆಂಪು ಬೆಳಕು, ನಮ್ಮ ಕಣ್ಣಿಗೆ ಕಾಣದ್ದು. ಕ್ಯಾರೀನಾ ನೀಹಾರಿಕೆಯ ಕೇಸರಿ, ನೀಲಿಗಳೆಲ್ಲ ತಜ್ಞರು ಒಂದು ಕ್ರಮದ ಪ್ರಕಾರ ಕೂಡಿಸಿದವು. ಕ್ರಮ ಅಳತೆಯದೋ ಶ್ಲೋಕದ್ದೋ ಎಂಬಲ್ಲಿ ದೊಡ್ಡ ವ್ಯತ್ಯಾಸವಿದೆ, ಒಪ್ಪೋಣ. ಕಾಣದ್ದನ್ನು ಕಾಣಿಸಲು ಬಣ್ಣ ಆಯುವ ಕೆಲಸ ಮಾತ್ರ ಎರಡೂ ಕಡೆ ಒಂದೇ. 1965ರಲ್ಲಿ ವ್ಯೋಮನೌಕೆಯಿಂದ ಹೊರಬಂದು ತೇಲಿದ ಅಲೆಕ್ಸೈ ಲಿಯೊನೋವ್ ಬಣ್ಣದ ಪೆನ್ಸಿಲುಗಳನ್ನು ಜೊತೆಗೆ ಒಯ್ದಿದ್ದರು. ಅಲ್ಲಿ ಕಂಡ ಸೂರ್ಯೋದಯವನ್ನು ನೌಕೆಯೊಳಗೇ ಬರೆದರು. ಕ್ಯಾಮೆರಾ ಇದ್ದೂ ಮನುಷ್ಯನ ಕೈಗೆ ಸಮಾಧಾನ ಇರಲಿಲ್ಲ.

ಶಿವಮೊಗ್ಗ, ಭದ್ರಾವತಿಯ ಡ್ರಾಯಿಂಗ್ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮಕ್ಕಳಿಗೆ ‘ಬಾಹ್ಯಾಕಾಶ’ ಎಂಬ ವಿಷಯ ಕೊಟ್ಟಾಗ ರಾಕೆಟ್ಟು ಮತ್ತು ಐದು ಮೂಲೆಯ ನಕ್ಷತ್ರಕ್ಕೇ ನಿಲ್ಲಿಸಬೇಡಿ. ಮಂಗಳಯಾನದ ಒಂದು ಫೋಟೊ, ಟಗರೇರಿದ ಕುಜನ ಒಂದು ಚಿತ್ರ, ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಲು ಹೇಳಿ. ರಜೆ ಸಿಕ್ಕರೆ ಭದ್ರಾವತಿಯಲ್ಲೇ ಮೈಸೂರಿನ ರೈಲು ಹತ್ತಿಸಿ. ಮೈಸೂರು ಶೈಲಿಯ ಚಿತ್ರಗಳು ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ನೋಡಲು ಸಿಗುತ್ತವೆ.