ಧ್ವನಿಭಂಡಾರದ ವಿನ್ಯಾಸ

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಜಾತ್ರೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಧ್ವನಿವರ್ಧಕದ ಹಿಂದೆ ಕುಳಿತವನ ಮುಂದೆ ಇಂದು ಗಣಕಯಂತ್ರವಿರುತ್ತದೆ. ಜನರು ಅವನನ್ನು ‘ಡಿ.ಜೆ.’ ಎಂದು ಕರೆಯುವರು. ಅವನಲ್ಲಿ ಗೀತೆಗಳು ಸಾವಿರಗಟ್ಟಲೆ. ಆದರೂ ಬೇಕಾದ ವಚನಗಾಯನವು ಬೇಕಾದ ಕ್ಷಣಕ್ಕೆ ದೊರೆಯದೆ ಸಭೆಯು ಕಾಯುವ ಪ್ರಸಂಗಗಳು ವಿರಳವಲ್ಲ. ಸಂಗ್ರಹವುಂಟು, ಕ್ರಮವಿಲ್ಲ.

ಕ್ರಮವೆಂಬುದು ಕನ್ನಡಿಗರಿಗೆ ಹೊಸತೇನೂ ಅಲ್ಲ. ಫ.ಗು. ಹಳಕಟ್ಟಿಯವರು ಚದುರಿಹೋಗಿದ್ದ ಓಲೆಗರಿಗಳನ್ನು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1993ರಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದಾಗಿ ಹೊರಬಂದವು. ಈ ಕಾರ್ಯಕ್ಕೆ ಆಧಾರವಾದುದು ವಚನದ ಒಡಲಲ್ಲಿಯೇ ಇರುವ ಅಂಕಿತ. ಯಾವ ಪ್ರತಿಕಾರನು ಎಲ್ಲಿ ಬರೆದುಕೊಂಡರೂ ‘ಗುಹೇಶ್ವರ’ ಎಂಬ ಮುದ್ರಿಕೆಯು ವಚನವು ಅಲ್ಲಮಪ್ರಭುವಿನದೆಂದು ಸಾರುತ್ತದೆ. ಓಲೆಕಟ್ಟಿನ ಮೇಲಣ ಹೆಸರು ಅಳಿದೀತು, ಅಂಕಿತ ಅಳಿಯದು.

ಧ್ವನಿಕಡತಕ್ಕೂ ಇಂತಹ ಅಂಕಿತವುಂಟು. ಅದನ್ನು ‘ಟ್ಯಾಗ್’ ಎನ್ನುವರು. ಕಡತದ ಹೆಸರು ಹೊರಗಿನ ಚೀಟಿ. ಟ್ಯಾಗ್ ಒಳಗಿನ ಬರಹ. ಗಾಯಕರು, ವಚನಕಾರರು, ರಾಗ, ವರ್ಷ, ಸ್ಥಳ ಇವೆಲ್ಲವನ್ನೂ ಅಲ್ಲಿ ಬರೆದಿಟ್ಟರೆ ಕಡತವು ಯಾರ ಕೈ ಸೇರಿದರೂ ಗುರುತು ಕೂಡ ಹೋಗುತ್ತದೆ. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚಿಸತಕ್ಕದ್ದು; ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದ ಹೆಸರು ಮತ್ತೊಂದು ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುವುದು. ಹೊರಹೆಸರಿನಲ್ಲಿ ಮೊದಲು ವರ್ಷ, ಬಳಿಕ ತಿಂಗಳು, ಆಮೇಲೆ ದಿನವನ್ನಿಟ್ಟರೆ ಕಾಲಾನುಕ್ರಮವು ತಾನಾಗಿ ಒದಗುತ್ತದೆ.

ನುಡಿಸುವವನಿಗೆ ಇನ್ನೆರಡು ಸಂಗತಿ ಬೇಕು: ಲಯ ಮತ್ತು ಶ್ರುತಿ. ನಿಮಿಷಕ್ಕೆ ಎಷ್ಟು ಬಡಿತವೆಂಬುದನ್ನು ಯಂತ್ರವೇ ಎಣಿಸಿಕೊಡುತ್ತದೆ. ಆದರೆ ಚರ್ಮವಾದ್ಯದ ಆಸರೆಯಿಲ್ಲದ ಸೋಬಾನೆಯಲ್ಲಿ, ವಿಲಂಬಿತದ ವಚನಗಾಯನದಲ್ಲಿ ಅದು ಎಡವುತ್ತದೆ. 60ನ್ನು 120 ಎನ್ನುವುದೂ ಉಂಟು. ಶ್ರುತಿಯಲ್ಲಿಯೂ ಹಾಗೆಯೇ. ಯಂತ್ರವು ಪಾಶ್ಚಾತ್ಯ ಮೇಳಗಳ ಹೆಸರನ್ನು ಹೇಳೀತು, ರಾಗವನ್ನು ಹೇಳಲಾರದು. ಹಾರ್ಮೋನಿಯಂ ಹಿಡಿದು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಕಿವಿಯಿಂದಲೇ ಗುರುತಿಸಿ ಬರೆದಿಡುವುದು ಲೇಸು. ಪ್ರಾಚೀನ ಸ್ವರವಚನಗಳ ತಲೆಯ ಮೇಲೆ ರಾಗತಾಳಗಳನ್ನು ನಮೂದಿಸಿದ ಲಿಪಿಕಾರರು ಮಾಡಿದ್ದೂ ಇದನ್ನೇ.

ಚಳ್ಳಕೆರೆ ಸೀಮೆಗೆ ಈ ವಿಷಯ ಕೇವಲ ಉತ್ಸವದ ಅನುಕೂಲಕ್ಕಷ್ಟೇ ಸಲ್ಲುವುದಲ್ಲ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯು ಅಕ್ಷರವರಿಯದವಳು. ಅವಳ ಕಂಠದಲ್ಲಿದ್ದ ಪದಗಳೋ ಸಾವಿರಾರು. ಕೃಷ್ಣಮೂರ್ತಿ ಹನೂರರಂತಹ ವಿದ್ವಾಂಸರು ಸಂಗ್ರಹಿಸಿದುದರಿಂದ ಅವು ಗ್ರಂಥಸ್ಥವಾದವು. ಹಟ್ಟಿಹಟ್ಟಿಗಳಲ್ಲಿ ಹಾಡಿದ ಉಳಿದವರ ದನಿಗಳು ಹಳೆಯ ಕ್ಯಾಸೆಟ್ಟುಗಳಲ್ಲಿ ಮನೆಗಳ ಅಟ್ಟ ಸೇರಿದರೆ ಬಿಸಿಲಿಗೆ, ಧೂಳಿಗೆ ಸುರುಳಿ ಸವೆಯುತ್ತದೆ. ಗಣಕಕ್ಕೆ ಇಳಿಸಿದ ಮೇಲೂ ‘ಟ್ರ್ಯಾಕ್ 1’ ಎಂದಷ್ಟೇ ಹೆಸರಿಟ್ಟರೆ, ಹಾಡಿದವಳು ಯಾರೆಂದು ಅವಳ ಮೊಮ್ಮಕ್ಕಳಿಗೂ ತಿಳಿಯದು.

ಇಂತಹ ಅಪೂರ್ವ ದನಿಗಳನ್ನು ಕುಗ್ಗಿಸದೆ ಇಡತಕ್ಕದ್ದು. ಸಂಕೋಚಿಸದ ಕಡತ ನಿಮಿಷಕ್ಕೆ ಸುಮಾರು 10 ಎಂ.ಬಿ.; ಸಾಮಾನ್ಯ ಎಂಪಿ3 ಸುಮಾರು 1 ಎಂ.ಬಿ. ನುಡಿಸಲು ಎರಡನೆಯದು ಸಾಕು. ಮೂಲವನ್ನು ಮಾತ್ರ ಎರಡು ಪ್ರತಿ ಮಾಡಿ, ಒಂದನ್ನು ಶಾಲೆಯಲ್ಲಿಯೂ ಮತ್ತೊಂದನ್ನು ಬೇರೆ ಊರಿನಲ್ಲಿಯೂ ಇಡಬೇಕು. ಈ ಕೆಲಸಕ್ಕೆ ವಿಶೇಷ ಧನವೇನೂ ಬೇಡ. ಹಾಡಿದವರ ಹೆಸರನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಪಕ್ಕದಲ್ಲಿ ಕುಳಿತು, ಒಂದೊಂದನ್ನೂ ಕೇಳಿಸಿ, ಬರೆದುಕೊಳ್ಳುವ ವಿದ್ಯಾರ್ಥಿಗಳು ಬೇಕು.