ಕೂಡದ ಕ್ಲಚ್ಚು, ಬಿಡದ ಕ್ಲಚ್ಚು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಊರುಗಳಲ್ಲಿ ಮಾರುತಿ ವ್ಯಾನು ಅಪರಿಚಿತ ವಾಹನವೇನಲ್ಲ. 1984ರಲ್ಲಿ ಮಾರುಕಟ್ಟೆಗೆ ಬಂದು, ಮುಂದೆ ಓಮ್ನಿ ಎಂಬ ಹೆಸರು ಪಡೆದ ಈ ವಾಹನದ ತಯಾರಿಕೆ 2019ರಲ್ಲಿ ನಿಂತಿತು. ಆದುದರಿಂದ ಈಗ ಓಡುತ್ತಿರುವ ಓಮ್ನಿಗಳೆಲ್ಲ ಹಳೆಯವೇ. ಸಂತೆಗೆ ಸರಕು, ಮದುವೆಗೆ ನೆಂಟರು, ಚಿಂಚಲಿ ಮಾಯಕ್ಕನ ಜಾತ್ರೆಗೆ ಭಕ್ತರು—ಎಲ್ಲವನ್ನೂ ಹೊರುವ ಇಂತಹ ವ್ಯಾನು ಒಂದು ದಿನ ಮೊಂಡು ಹಿಡಿದರೆ, "ಕ್ಲಚ್ ಹೋಗಿದೆ" ಎಂಬ ತೀರ್ಪು ಥಟ್ಟನೆ ಹೊರಬೀಳುತ್ತದೆ. ಅದರ ಬೆನ್ನಿಗೇ ಗೇರ್ ಪೆಟ್ಟಿಗೆ ಇಳಿಸುವ ಖರ್ಚು. ಬಾಡಿಗೆಯನ್ನೇ ನಂಬಿದ ಮನೆಗೆ ಗಳಿಕೆಯೂ ನಿಂತಂತೆ. ಆದರೆ ಕ್ಲಚ್ಚಿಗೆ ಬರುವುದು ಒಂದೇ ರೋಗವಲ್ಲ. ಒಂದಕ್ಕೊಂದು ತೀರ ವಿರುದ್ಧವಾದ ಎರಡು ರೋಗಗಳುಂಟು. ಯಾವುದೆಂದು ತಿಳಿಯದೆ ಪಾನಾ ಹಿಡಿಯತಕ್ಕದ್ದಲ್ಲ.

ಕ್ಲಚ್ಚಿನ ಕೆಲಸ ಎತ್ತನ್ನು ಗಾಡಿಗೆ ಹೂಡುವ, ಬಿಚ್ಚುವ ಕೆಲಸದಂತಹುದು. ಎಂಜಿನ್ನಿನ ಹಿಂದೆ ತಿರುಗುವ ಭಾರವಾದ ಫ್ಲೈವ್ಹೀಲಿಗೂ, ಸ್ಪ್ರಿಂಗಿನ ಬಲವುಳ್ಳ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಎರಡು ಅಂಗೈಗಳ ನಡುವಿನ ರೊಟ್ಟಿಯಂತೆ ಇರುತ್ತದೆ. ಆ ಬಿಗಿ ಹಿಡಿತದ ಘರ್ಷಣದಿಂದಲೇ ಎಂಜಿನ್ನಿನ ಬಲ ಗಾಲಿಗಳಿಗೆ ಮುಟ್ಟುತ್ತದೆ. ಪೆಡಲ್ ತುಳಿದಾಗ ಕೇಬಲ್ ಎಳೆಯಲ್ಪಟ್ಟು, ರಿಲೀಸ್ ಬೇರಿಂಗು ಪ್ರೆಶರ್ ಪ್ಲೇಟನ್ನು ಒತ್ತಿ, ಹಿಡಿತವನ್ನು ಸಡಿಲಿಸುತ್ತದೆ. ಕಾಲು ತೆಗೆದಾಗ ಪೂರ್ತಿ ಕೂಡಬೇಕು. ತುಳಿದಾಗ ಪೂರ್ತಿ ಬಿಡಬೇಕು. ಆರೋಗ್ಯವೆಂದರೆ ಇಷ್ಟೇ.

ಮೊದಲನೆಯದು ಕೂಡದ ರೋಗ. ನಿಪ್ಪಾಣಿಯ ಹತ್ತಿರ ತವಂದಿ ಘಾಟು ಏರುವಾಗ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಪ್ಲೇಟು ಜಾರುತ್ತಿದೆ ಎಂಬುದರ ಲಕ್ಷಣವಿದು. ಪರೀಕ್ಷಿಸಬೇಕಾದರೆ ಮುಂದೆ ಯಾರೂ ಇಲ್ಲದ ಸಮನೆಲದಲ್ಲಿ ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ, ಮೂರನೆಯ ಗೇರು ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಡಿರಿ. ಎಂಜಿನ್ನು ಬಂದ್ ಬಿದ್ದರೆ ಹಿಡಿತವಿದೆ. ಓಡುತ್ತಲೇ ಇದ್ದರೆ ಜಾರುತ್ತಿದೆ. ಈ ಪರೀಕ್ಷೆ ಒಂದೇ ಸಲ ಸಾಕು. ಮೇಲಿಂದ ಮೇಲೆ ಮಾಡಿದರೆ ಪ್ಲೇಟು ಸುಡುತ್ತದೆ.

ಎರಡನೆಯದು ಬಿಡದ ರೋಗ. ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಪೆಡಲನ್ನು ಪೂರ್ತಿ ತುಳಿದು, ನಾಲ್ಕೈದು ಸೆಕೆಂಡು ಕಾದು, ರಿವರ್ಸ್ ಗೇರು ಹಾಕಿ ನೋಡಿರಿ. ಕರಕರ ಸದ್ದು ಬಂದರೆ, ಎಂಜಿನ್ನು ನಿಲ್ಲಿಸಿದಾಗ ಮಾತ್ರ ಗೇರು ಸಲೀಸಾಗಿ ಬಿದ್ದರೆ, ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದು ಊಹಿಸಬಹುದು. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಮತ್ತು ಅವಳ ಉಪನದಿಗಳ ಮಹಾಪೂರ ಈ ಸೀಮೆಗೆ ನುಗ್ಗಿತ್ತಷ್ಟೆ. ಹಾಗೆ ಬಹುಕಾಲ ನೀರಿನಲ್ಲಿ ನಿಂತ ವಾಹನದ ಪ್ಲೇಟು ತುಕ್ಕು ಹಿಡಿದು ಫ್ಲೈವ್ಹೀಲಿಗೆ ಅಂಟಿಕೊಳ್ಳುವುದೂ ಉಂಟು.

ಇನ್ನು ಚಿಕಿತ್ಸೆ. ಪೆಡಲನ್ನು ಕೈಯಿಂದ ಒತ್ತಿದರೆ, ಭಾರ ತಗಲುವ ಮುನ್ನ ಅದು ಸುಮ್ಮನೆ ಕೊಂಚ ದೂರ ಸರಿಯುತ್ತದೆ. ಇದನ್ನು ಮಿಸ್ತ್ರಿಗಳು 'ಪ್ಲೇ' ಎನ್ನುತ್ತಾರೆ. ಎಷ್ಟಿರಬೇಕೆಂಬುದಕ್ಕೆ ವಾಹನದ ಕೈಪಿಡಿಯೇ ಪ್ರಮಾಣ. ಪ್ಲೇಟು ಸವೆದಂತೆ ಪ್ಲೇ ಕಡಿಮೆಯಾಗುತ್ತದೆ. ಇಲ್ಲವೇ ಇಲ್ಲವೆಂದಾದರೆ, ಯಾರೂ ತುಳಿಯದಿದ್ದರೂ ತುಸು ತುಳಿದಂತಾಗಿ ಕ್ಲಚ್ಚು ಜಾರುತ್ತದೆ. ಕೇಬಲ್ ಹಿಗ್ಗಿದರೆ ಪ್ಲೇ ಹೆಚ್ಚಾಗಿ, ಕ್ಲಚ್ಚು ಬಿಡುವುದಿಲ್ಲ. ಓಮ್ನಿಯಲ್ಲಿ ಕೇಬಲಿನ ಗೇರ್ ಪೆಟ್ಟಿಗೆಯ ಕಡೆಯ ತುದಿಯಲ್ಲಿ ಇದಕ್ಕೊಂದು ನಟ್ಟಿದೆ. ಪ್ಲೇ ಇಲ್ಲದೆ ಜಾರುವ ಕ್ಲಚ್ಚಿಗೆ ಅದನ್ನು ಸಡಿಲಿಸಬೇಕು. ಪ್ಲೇ ಹೆಚ್ಚಾಗಿ ಬಿಡದ ಕ್ಲಚ್ಚಿಗೆ ಬಿಗಿಯಬೇಕು. ಗಮನಿಸಿರಿ: ಜಾರುವ ಕ್ಲಚ್ಚಿಗೆ ನಟ್ಟು ಬಿಗಿದರೆ ಅದು ಇನ್ನಷ್ಟು ಜಾರಿ, ಉಳಿದಿದ್ದ ಪ್ಲೇಟೂ ಸುಟ್ಟುಹೋದೀತು. ಕೇಬಲಿನ ಎಳೆಗಳು ಹರಿದಿದ್ದರೆ ಹೊಸದನ್ನೇ ಹಾಕಿಸುವುದು ಲೇಸು.

ಪ್ಲೇ ಸರಿಪಡಿಸಿದ ಮೇಲೂ ಜಾರಿದರೆ ಗೇರ್ ಪೆಟ್ಟಿಗೆ ಇಳಿಸದೆ ಗತ್ಯಂತರವಿಲ್ಲ. ಇದು ಮನೆಯಂಗಳದ ಕೆಲಸವಲ್ಲ. ಬರಿಯ ಜಾಕಿನ ಮೇಲೆ ನಿಂತ ವ್ಯಾನಿನ ಕೆಳಗೆ ಯಾರೂ ನುಸುಳಬಾರದು. ಇಳಿಸಿದ್ದೇ ಆದರೆ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಬದಲಿಸುವುದು ಮಿತವ್ಯಯ. ಒಂದನ್ನು ಉಳಿಸಿದರೆ ಅದಕ್ಕಾಗಿ ಮತ್ತೊಮ್ಮೆ ಇಳಿಸುವ ಕೂಲಿ ತೆರಬೇಕಾದೀತು. ಪ್ಲೇಟಿಗೆ ಎಣ್ಣೆ ತಗಲಿದ್ದರೆ ಎಂಜಿನ್ನಿನ ಹಿಂಬದಿಯ ಸೀಲನ್ನೂ ನೋಡಬೇಕು. ಸೋರಿಕೆ ನಿಲ್ಲದಿದ್ದರೆ ಹೊಸ ಪ್ಲೇಟೂ ಬಾಳದು. ಒಳಗಿನ ಧೂಳನ್ನು ಗಾಳಿಯಿಂದ ಊದಬಾರದು. ಹಳೆಯ ಪ್ಲೇಟುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸುವುದೇ ಕ್ಷೇಮ.

ಕಬ್ಬಿನ ಹಂಗಾಮಿನಲ್ಲಿ ಟ್ರಾಕ್ಟರುಗಳ ಹಿಂದೆ ತೆವಳುವಾಗ ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಂಡಿರುವ ರೂಢಿ ಪ್ಲೇಟನ್ನೂ ಬೇರಿಂಗನ್ನೂ ತಿನ್ನುತ್ತದೆ. ಏರಿನಲ್ಲಿ ವ್ಯಾನನ್ನು ಅರ್ಧ ಕ್ಲಚ್ಚಿನಿಂದ ತಡೆಯದೆ ಬ್ರೇಕಿನಿಂದ ನಿಲ್ಲಿಸಿರಿ. ಘಾಟು ಇಳಿಯುವಾಗಲಂತೂ ಕ್ಲಚ್ಚು ತುಳಿದುಕೊಂಡು ಸಾಗಬೇಡಿರಿ; ಎಂಜಿನ್ನಿನ ತಡೆ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಇನ್ನು ಮುಂದೆ ಗ್ಯಾರೇಜಿಗೆ ಹೋದಾಗ "ಕ್ಲಚ್ ಹೋಗಿದೆ" ಎನ್ನಬೇಡಿರಿ. "ಜಾರುತ್ತಿದೆ" ಅಥವಾ "ಬಿಡುತ್ತಿಲ್ಲ" ಎಂದು ಹೇಳಿ, "ಮೊದಲು ಪ್ಲೇ ನೋಡ್ರಿ" ಎಂದು ಕೇಳಿರಿ. ಬಲ್ಲ ಮಿಸ್ತ್ರಿಗೆ ಅರ್ಧ ದಾರಿ ಅಲ್ಲಿಯೇ ತೋರುತ್ತದೆ. ಒಂದು ನಟ್ಟಿನಿಂದ ತೀರುವ ಕೆಲಸಕ್ಕೆ ಗೇರ್ ಪೆಟ್ಟಿಗೆ ಇಳಿಸುವ ಖರ್ಚೂ ತಪ್ಪುತ್ತದೆ.