ಚೋಕ್ ಹೇಳಿದ ಗುಟ್ಟು

2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯ ರಸ್ತೆಗಳಿಂದ ಮರೆಯಾದವು. ಕುರ್ಲಾದಲ್ಲೇ ತಯಾರಾದ ನಮ್ಮ ಮಾವನವರ ಪದ್ಮಿನಿ ಮಾತ್ರ ಮನೆಯಲ್ಲಿ ಇನ್ನೂ ಇದೆ. ಕಳೆದ ಮಳೆಗಾಲದಲ್ಲಿ ಅದು ಬೆಳಿಗ್ಗೆ ಸ್ಟಾರ್ಟ್ ಆದೊಡನೆ ನಡುಗಿ ನಿಂತುಬಿಡುತ್ತಿತ್ತು. ಕಾರ್ಬುರೇಟರ್ ಬದಲಿಸಿ ಎಂದ ಮೆಕ್ಯಾನಿಕ್. ಗುಜರಿಗೆ ಹಾಕಿ ಎಂದ ಮಗ. ಯಜಮಾನರೂ ತಲೆಯಾಡಿಸಿದರು. ನಾನು ನಾಲ್ಕು ದಿನ ಗಮನಿಸಿದೆ.

ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಅಂಶ ಹೆಚ್ಚುತ್ತದೆ. ತಣ್ಣಗಿನ ಎಂಜಿನ್ನಿಗೆ ಅದು ಬೇಕು. ಬಿಸಿಯಾದ ಮೇಲೂ ಚೋಕ್ ಬಿಟ್ಟೊಡನೆ ನಿಂತರೆ, ಐಡಲ್ ಜೆಟ್ಟಿನಲ್ಲಿ ಕಸವೋ ಎಲ್ಲಾದರೂ ಗಾಳಿಯ ಸೋರಿಕೆಯೋ ಇರಬಹುದು. ಚೋಕ್ ಎಳೆದರೂ ನಡುಗಿದರೆ, ಅದೂ ಮಳೆ ಬಂದ ಬೆಳಿಗ್ಗೆ ಮಾತ್ರ, ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳದ ತೇವ ನೋಡಬೇಕು.

ನಮ್ಮದು ಎರಡನೆಯದು. ಎಂಜಿನ್ ಆರಿಸಿ, ಮುಚ್ಚಳ ಬಿಚ್ಚಿ, ಒಣಬಟ್ಟೆಯಿಂದ ಒರೆಸಿದೆವು. ಪದ್ಮಿನಿ ಉಳಿಯಿತು. ರೋಗ ತಿಳಿಯದೆ ಮದ್ದು ಕೊಡಬಾರದಲ್ಲವೇ?